ಉನ್ನತ ಬಯಲಿನ ಹವಾಗುಣ: ಸಿಮರಾನ್ ಕೌಂಟಿ ಕಲಿಸುವ ಪಾಠ

ಒಂದು ನಾಡಿನ ಹವಾಗುಣವನ್ನು ತಿಳಿಸಬೇಕಾದಾಗ ಭೂಗೋಳದ ಪುಸ್ತಕಗಳು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕೊಡುತ್ತವೆ: ವರ್ಷದ ಸರಾಸರಿ ಮಳೆ, ವರ್ಷದ ಸರಾಸರಿ ಉಷ್ಣತೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಲ್ಲಿಗೆ ಆ ಅಂಕಿಗಳ ಕೆಲಸ ಮುಗಿಯುತ್ತದೆ. ಆದರೆ ಅದೇ ಸರಾಸರಿಯನ್ನು ನಂಬಿ ಬೀಜ ಬಿತ್ತಿದ ಬೇಸಾಯಗಾರನ ಗತಿಯೇನು? ಸರಾಸರಿಯೆಂಬುದು ಎಷ್ಟರಮಟ್ಟಿಗೆ ನಿಜ, ಎಲ್ಲಿ ಅದು ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ತಿಳಿಯಲು ಉತ್ತರ ಅಮೆರಿಕದ ಒಂದು ಮೂಲೆ ಒಳ್ಳೆಯ ಉದಾಹರಣೆಯಾಗಿದೆ. ಸಾವಿರಾರು ಸಂಸಾರಗಳು ಬಹು ದೊಡ್ಡ ಬೆಲೆ ತೆತ್ತು ಕಲಿತ ಪಾಠ ಅದು.

ನೆಲದ ಪರಿಚಯ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟದಲ್ಲಿ ಓಕ್ಲಹೋಮ ರಾಜ್ಯವು ಹಿಡಿಯುಳ್ಳ ಬಾಣಲೆಯಂತೆ ಕಾಣುತ್ತದೆ. ಪಶ್ಚಿಮಕ್ಕೆ ಚಾಚಿಕೊಂಡಿರುವ ಆ ಹಿಡಿಯ ಕಟ್ಟಕಡೆಯ ತುದಿಯೇ ಸಿಮರಾನ್ ಕೌಂಟಿ. ಕೌಂಟಿಯೆಂದರೆ ಹೆಚ್ಚುಕಡಮೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ. ಸಿಮರಾನ್ ಕೌಂಟಿಯ ಉತ್ತರಕ್ಕೆ ಕೊಲೊರಾಡೊ ಮತ್ತು ಕ್ಯಾನ್ಸಾಸ್, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊ, ದಕ್ಷಿಣಕ್ಕೆ ಟೆಕ್ಸಾಸ್ ಇವೆ. ಹೀಗೆ ಬೇರೆ ನಾಲ್ಕು ರಾಜ್ಯಗಳನ್ನು ಮುಟ್ಟುವ ಕೌಂಟಿ ಆ ದೇಶದಲ್ಲಿ ಇದೊಂದೇ. ಇದರ ವಿಸ್ತೀರ್ಣ ಸುಮಾರು 4,770 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 2,296 ಮಾತ್ರ. ಎಂದರೆ ಎರಡು ಚದರ ಕಿಲೋಮೀಟರಿಗೆ ಒಬ್ಬರು!

ಕೌಂಟಿಯ ಮುಖ್ಯ ಪಟ್ಟಣ ಬಾಯ್ಸ್ ಸಿಟಿ. ಅದು ಸಮುದ್ರಮಟ್ಟದಿಂದ ಸುಮಾರು 1,270 ಮೀಟರ್ ಎತ್ತರದಲ್ಲಿದೆ. ವಾಯವ್ಯ ಮೂಲೆಯಲ್ಲಿರುವ ಬ್ಲ್ಯಾಕ್ ಮೆಸಾ ಎಂಬ ಚಪ್ಪಟೆ ತಲೆಯ ಗುಡ್ಡವು 1,516 ಮೀಟರ್ ಎತ್ತರವಾಗಿದ್ದು ಇಡೀ ಓಕ್ಲಹೋಮ ರಾಜ್ಯದ ಅತ್ಯುನ್ನತ ಸ್ಥಾನವೆನಿಸಿದೆ. ಆದರೂ ಇದು ಬೆಟ್ಟದ ನಾಡಲ್ಲ. ಪಶ್ಚಿಮದ ರಾಕಿ ಪರ್ವತಗಳಿಂದ ನದಿಗಳು ಲಕ್ಷಾಂತರ ವರ್ಷಗಳ ಕಾಲ ಹೊತ್ತುತಂದ ಮರಳು, ಮಣ್ಣು, ನುರುಜುಗಲ್ಲುಗಳು ಹರಡಿ ಆದ ವಿಶಾಲವಾದ ಬಯಲು. ಪಶ್ಚಿಮದಿಂದ ಪೂರ್ವಕ್ಕೆ ಅದು ಮೆಲ್ಲಗೆ ಇಳಿಜಾರಾಗಿದೆ. ಇದಕ್ಕೆ ‘ಉನ್ನತ ಬಯಲು’ ಎಂದು ಹೆಸರು. ಗಾಳಿಗೆ ಅಡ್ಡ ನಿಲ್ಲುವ ಕಾಡಾಗಲಿ ಗುಡ್ಡವಾಗಲಿ ಇಲ್ಲಿ ಇಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಮಳೆ ಏಕೆ ಕಡಮೆ?

ಬಾಯ್ಸ್ ಸಿಟಿಯ ವರ್ಷದ ಸರಾಸರಿ ಮಳೆ ಸುಮಾರು 450 ಮಿಲಿಮೀಟರ್, ಎಂದರೆ 17ರಿಂದ 18 ಅಂಗುಲ. ಅದೇ ರಾಜ್ಯದ ಆಗ್ನೇಯ ಮೂಲೆಯಲ್ಲಿ 50 ಅಂಗುಲಕ್ಕೂ ಹೆಚ್ಚು ಮಳೆ ಬೀಳುತ್ತದೆ. ಒಂದೇ ರಾಜ್ಯದಲ್ಲಿ ಇಷ್ಟು ಅಂತರಕ್ಕೆ ಕಾರಣಗಳು ಮುಖ್ಯವಾಗಿ ಎರಡು.

ಮೊದಲನೆಯದು ಮಳೆನೆರಳು. ಶಾಂತಸಾಗರದಿಂದ ಬರುವ ಪಶ್ಚಿಮದ ಗಾಳಿಯು ರಾಕಿ ಪರ್ವತಗಳನ್ನು ಏರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲಿಯೇ ಸುರಿಸಿಬಿಡುತ್ತದೆ. ಪರ್ವತವನ್ನು ದಾಟಿ ಇಳಿಯುವ ಗಾಳಿಯು ಒತ್ತಡ ಹೆಚ್ಚಿದಂತೆ ಕುಗ್ಗಿ, ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುತ್ತದೆ. ಇದನ್ನು ಒಂದು ಲೆಕ್ಕದಿಂದ ನೋಡೋಣ. 3,500 ಮೀಟರ್ ಎತ್ತರದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು ನೀರಾವಿಯಿಂದ ಪೂರ್ಣ ತುಂಬಿದ್ದ ಗಾಳಿಯು 1,300 ಮೀಟರಿಗೆ ಇಳಿಯಿತೆನ್ನಿ. ಇಳಿದ ಎತ್ತರ 2.2 ಕಿಲೋಮೀಟರ್, ಆದುದರಿಂದ ಅದರ ಉಷ್ಣತೆ 22 ಡಿಗ್ರಿ ಏರಿ 12 ಡಿಗ್ರಿಯಾಗುತ್ತದೆ. ಗಾಳಿ ಬಿಸಿಯಾದಂತೆ ಅದು ಹಿಡಿಯಬಲ್ಲ ನೀರಾವಿಯ ಪ್ರಮಾಣವೂ ಹೆಚ್ಚುತ್ತದೆ. ಇದ್ದ ಆವಿ ಇದ್ದಷ್ಟೇ ಉಳಿದರೂ ಅದರ ಸಾಪೇಕ್ಷ ಆರ್ದ್ರತೆ ನೂರರಿಂದ ಹೆಚ್ಚುಕಡಮೆ ನಾಲ್ಕನೆಯ ಒಂದು ಪಾಲಿಗೆ ಕುಸಿಯುತ್ತದೆ. ಇಂಥ ಗಾಳಿ ಮಳೆ ಕೊಡುವುದಿರಲಿ, ನೆಲದಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಸಹ್ಯಾದ್ರಿಯ ನೆತ್ತಿಯ ಆಗುಂಬೆಯಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಪೂರ್ವದ ಚಳ್ಳಕೆರೆಯಲ್ಲಿ ಅಪರೂಪವಾಗುವುದಕ್ಕೂ ಇದೇ ತತ್ತ್ವವೇ ಕಾರಣ.

ಎರಡನೆಯ ಕಾರಣ ದೂರ. ಈ ಬಯಲಿಗೆ ನೀರಾವಿಯನ್ನು ಒದಗಿಸಬಲ್ಲ ಮುಖ್ಯ ಆಕರವೆಂದರೆ ಮೆಕ್ಸಿಕೋ ಕೊಲ್ಲಿ. ಅದು ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ. ಆಗ್ನೇಯದಿಂದ ತೇವದ ಗಾಳಿ ಬೀಸಿದರೂ ಏರುತ್ತ ಹೋಗುವ ಈ ನೆಲದ ಮೇಲೆ ಅದರ ಪದರ ತೆಳುವಾಗಿರುತ್ತದೆ. ಕೆಲವೊಮ್ಮೆ ಮೋಡದಿಂದ ಮಳೆಯ ಎಳೆಗಳು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಆದರೆ ನೆಲ ಮುಟ್ಟುವ ಮೊದಲೇ ಹನಿಗಳು ಒಣಗಾಳಿಯಲ್ಲಿ ಆವಿಯಾಗಿ ಹೋಗುತ್ತವೆ!

ಬೀಳುವ ಮಳೆಯೊಂದನ್ನೇ ಲೆಕ್ಕ ಹಾಕಿದರೆ ಸಾಲದು. ಆವಿಯಾಗಿ ಹೋಗುವ ನೀರನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಈ ಸೀಮೆಯ ತೆರೆದ ಕೆರೆಯೊಂದರಿಂದ ವರ್ಷದಲ್ಲಿ ಆವಿಯಾಗುವ ನೀರು ಅಲ್ಲಿ ಬೀಳುವ ಮಳೆಯ ಸುಮಾರು ಮೂರು ಪಟ್ಟು. ಬಿಸಿಲು, ಗಾಳಿ, ಒಣಹವೆ ಮೂರೂ ಕೂಡಿದ ಫಲ ಇದು.

ಗೋಧಿಯ ಜೊತೆಯಲ್ಲಿ ಒಂದು ವರ್ಷ

ಇಲ್ಲಿನ ಋತುಗಳನ್ನು ಅರಿಯಲು ಸುಲಭವಾದ ದಾರಿ ಒಂದಿದೆ. ಈ ಬಯಲಿನ ಮುಖ್ಯ ಬೆಳೆಯಾದ ಚಳಿಗಾಲದ ಗೋಧಿಯು ಬಿತ್ತನೆಯಿಂದ ಕೊಯ್ಲಿನವರೆಗೆ ಯಾವ ಯಾವ ಪರೀಕ್ಷೆಗಳಿಗೆ ಒಳಗಾಗುತ್ತದೆಂಬುದನ್ನು ಹಿಂಬಾಲಿಸಿದರೆ ಸಾಕು.

ಗೋಧಿಯನ್ನು ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ. ಶರತ್ಕಾಲದ ಆಕಾಶ ನಿರ್ಮಲ. ಹಗಲು ಹಿತವಾಗಿ ಬೆಚ್ಚಗೆ, ಇರುಳು ತಣ್ಣಗೆ. ಹಗಲಿಗೂ ಇರುಳಿಗೂ 15 ಡಿಗ್ರಿಯಷ್ಟು ಅಂತರವಿರುವುದು ಇಲ್ಲಿ ಸಾಮಾನ್ಯ. ಗಾಳಿಯಲ್ಲಿರುವ ನೀರಾವಿಯು ನೆಲಕ್ಕೆ ಹೊದಿಕೆಯಂತೆ. ಹಗಲು ನೆಲ ಪಡೆದ ಶಾಖವು ರಾತ್ರಿ ಆಕಾಶಕ್ಕೆ ಹೊರಟುಹೋಗದಂತೆ ಅದು ತಡೆಯುತ್ತದೆ. ಈ ಒಣ ಬಯಲಿನಲ್ಲಿ ಹೊದಿಕೆ ತೆಳು. ಆದಕಾರಣ ರಾತ್ರಿ ಬೇಗ ತಣ್ಣಗಾಗುತ್ತದೆ. ಮೊಳಕೆಗೆ ಬೇಕಾದಷ್ಟು ತೇವ ಮಣ್ಣಿನಲ್ಲಿರುವುದೇ ಗೋಧಿಯ ಮೊದಲ ಪರೀಕ್ಷೆ. ಬೇಸಗೆಯ ಕೊನೆಯ ಮಳೆ ಕೈಕೊಟ್ಟರೆ ಬೀಜ ಒಣಮಣ್ಣಿನಲ್ಲೇ ಉಳಿಯುತ್ತದೆ.

ಚಳಿಗಾಲದಲ್ಲಿ ಪೈರು ನಿದ್ರಾವಸ್ಥೆಯಲ್ಲಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಬೀಳುವ ಮಳೆ, ಹಿಮ ಎಲ್ಲವನ್ನೂ ನೀರಾಗಿ ಅಳೆದರೆ ಎರಡು ಅಂಗುಲವೂ ಆಗುವುದಿಲ್ಲ. ಜನವರಿಯ ಮಧ್ಯಾಹ್ನಗಳಲ್ಲಿ ಉಷ್ಣತೆ ಸುಮಾರು 9 ಡಿಗ್ರಿಗೆ ಏರಿದರೆ ರಾತ್ರಿಗಳಲ್ಲಿ ಸೊನ್ನೆಗಿಂತ 6–7 ಡಿಗ್ರಿ ಕೆಳಗಿಳಿಯುತ್ತದೆ. ಆದರೆ ಇಂಥ ‘ಸಾಮಾನ್ಯ’ ದಿನವೇ ಇಲ್ಲಿ ಕಡಮೆ. ಪರ್ವತದಿಂದ ಇಳಿದ ಗಾಳಿ ಬೀಸಿದ ದಿನ ಚಳಿಗಾಲದ ನಡುವೆಯೂ 20 ಡಿಗ್ರಿಯ ಹಿತವಾದ ಮಧ್ಯಾಹ್ನ ಬರಬಹುದು. ಅದರ ಬೆನ್ನಿಗೇ ಉತ್ತರದ ಶೀತಗಾಳಿ ನುಗ್ಗಬಹುದು. ಉತ್ತರಧ್ರುವ ಪ್ರದೇಶಕ್ಕೂ ಈ ಬಯಲಿಗೂ ನಡುವೆ ಪೂರ್ವ-ಪಶ್ಚಿಮವಾಗಿ ಹಬ್ಬಿದ ಪರ್ವತಶ್ರೇಣಿ ಯಾವುದೂ ಇಲ್ಲ. ತಣ್ಣನೆಯ ಗಾಳಿ ಭಾರವಾದುದು. ಅದು ಬೆಚ್ಚನೆಯ ಗಾಳಿಯ ಕೆಳಗೆ ನೀರಿನಂತೆ ಹರಿದು ಬರುತ್ತದೆ. ಕೆಲವೇ ಗಂಟೆಗಳಲ್ಲಿ ಉಷ್ಣತೆ 20 ಡಿಗ್ರಿಯಷ್ಟು ಕುಸಿಯುವುದುಂಟು. ಅದರೊಡನೆ ಹಿಮವೂ ಸೇರಿದರೆ ಹಿಮಬಿರುಗಾಳಿ. ಗಂಟೆಗೆ 56 ಕಿಲೋಮೀಟರ್ ಅಥವಾ ಹೆಚ್ಚಿನ ವೇಗದ ಗಾಳಿಯಲ್ಲಿ ಹಿಮ ಹಾರಾಡಿ, ಕಾಲು ಮೈಲಿಗಿಂತ ಆಚೆ ಏನೂ ಕಾಣದ ಸ್ಥಿತಿ ಮೂರು ಗಂಟೆಗಳಾದರೂ ಇದ್ದರೆ ಮಾತ್ರ ಅಮೆರಿಕದ ಹವಾಮಾನ ಇಲಾಖೆ ಅದನ್ನು ಹಿಮಬಿರುಗಾಳಿಯೆಂದು ಕರೆಯುತ್ತದೆ. ದನಕರುಗಳಿಗೆ ಇದು ಮೃತ್ಯುಸಮಾನ. ಗೋಧಿಗಾದರೋ ನೆಲದ ಮೇಲೆ ಸಮನಾಗಿ ನಿಂತ ಹಿಮವು ಕಂಬಳಿಯೂ ಹೌದು, ಮುಂದೆ ಕರಗಿ ನೀರಾಗುವ ಉಳಿತಾಯವೂ ಹೌದು.

ವಸಂತವು ಗಾಳಿಯ ಕಾಲ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮೇಲ್ವಾಯುಮಂಡಲದ ವೇಗದ ಗಾಳಿಗಳು ಇನ್ನೂ ಪ್ರಬಲವಾಗಿರುತ್ತವೆ. ಪರ್ವತದ ಪೂರ್ವದ ಮಗ್ಗುಲಲ್ಲಿ ಒತ್ತಡ ತಗ್ಗಿದ ಸುಳಿಗಳು ಪದೇ ಪದೇ ಹುಟ್ಟುತ್ತವೆ. ಏರಿದ ಬಿಸಿಲು ನೆಲವನ್ನು ಕಾಯಿಸಿ ಗಾಳಿಯನ್ನು ಕಲಕಿದಾಗ ಮೇಲಿನ ವೇಗ ಕೆಳಗೂ ಇಳಿಯುತ್ತದೆ. ಹೊಲದಲ್ಲಿ ಪೈರು ಇನ್ನೂ ಚಿಕ್ಕದು, ನೆಲ ಬಹುಪಾಲು ಬತ್ತಲೆ. ವರ್ಷದಲ್ಲಿ ಗಾಳಿ ಅತ್ಯಂತ ಜೋರಾಗಿರುವಾಗಲೇ ಮಣ್ಣಿಗೆ ಹೊದಿಕೆ ಅತ್ಯಂತ ಕಡಮೆಯಿರುತ್ತದೆಂಬ ಈ ಸಂಗತಿಯನ್ನು ಗಮನಿಸಿ. ಮುಂದಿನ ಕಥೆಗೆ ಇದೇ ಬೀಜ.

ಇದೇ ಕಾಲದಲ್ಲಿ ‘ಒಣಗೆರೆ’ ಎಂದು ನಾವು ಕರೆಯಬಹುದಾದ ಗಡಿಯೊಂದು ಈ ಬಯಲಿನಲ್ಲಿ ಏರ್ಪಡುತ್ತದೆ. ಗೆರೆಯ ಪೂರ್ವಕ್ಕೆ ಕೊಲ್ಲಿಯ ತೇವದ ಗಾಳಿ, ಪಶ್ಚಿಮಕ್ಕೆ ಮರುಭೂಮಿಯ ಒಣಗಾಳಿ. ಹಗಲು ಬಿಸಿಲಿಗೆ ಪಶ್ಚಿಮದ ತೆಳುವಾದ ತೇವದ ಪದರ ಕಲಕಿಹೋಗಿ ಗೆರೆ ಪೂರ್ವಕ್ಕೆ ಸರಿಯುತ್ತದೆ. ರಾತ್ರಿ ಮತ್ತೆ ಪಶ್ಚಿಮಕ್ಕೆ ಹಿಂದಿರುಗುತ್ತದೆ. ಈ ಗೆರೆಯ ಬಳಿ ಗುಡುಗುಮೋಡಗಳು ಹುಟ್ಟುತ್ತವೆ. ಗೆರೆ ಸಿಮರಾನ್ ಕೌಂಟಿಯನ್ನು ದಾಟಿ ಪೂರ್ವಕ್ಕೆ ಹೋದ ದಿನ ಮಳೆ ನೆರೆಯ ಸೀಮೆಯ ಪಾಲು, ಇಲ್ಲಿನವರಿಗೆ ಬಿಸಿಗಾಳಿ.

ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೇಯಿಂದ ಆಗಸ್ಟ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಜುಲೈಯಲ್ಲಿ ಹಗಲು 33–34 ಡಿಗ್ರಿ, ಇರುಳು 18 ಡಿಗ್ರಿಯ ಸುಮಾರು. ಮಧ್ಯಾಹ್ನ ಪರ್ವತಗಳ ಮೇಲೆ ಹುಟ್ಟಿದ ಗುಡುಗುಮಳೆಗಳು ಪೂರ್ವಕ್ಕೆ ತೇಲಿ ಸಂಜೆಗೋ ರಾತ್ರಿಗೋ ಈ ಬಯಲನ್ನು ಮುಟ್ಟುತ್ತವೆ. ರಾತ್ರಿ ನೆಲದಿಂದ ಕೆಲವು ನೂರು ಮೀಟರ್ ಮೇಲೆ ಬಲಗೊಳ್ಳುವ ದಕ್ಷಿಣದ ಗಾಳಿಯು ಅವುಗಳಿಗೆ ತೇವವನ್ನು ಒದಗಿಸುತ್ತದೆ. ಆದರೆ ಇಂಥ ಮಳೆ ಒಬ್ಬನ ಹೊಲವನ್ನು ತೋಯಿಸಿ ಪಕ್ಕದವನ ಹೊಲವನ್ನು ಒಣದಾಗಿಯೇ ಬಿಡುವುದುಂಟು. ಕೆಲವೊಮ್ಮೆ ಅದು ಆಲಿಕಲ್ಲನ್ನೂ ತರುತ್ತದೆ. ನೆಲವೇ ಎತ್ತರದಲ್ಲಿರುವುದರಿಂದ ಮೋಡದೊಳಗೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೂ ನೆಲಕ್ಕೂ ನಡುವಣ ಅಂತರ ಕಡಮೆ. ಬೀಳುವ ಕಲ್ಲು ಕರಗಲು ಸಮಯ ಸಾಲದು. ಗೋಧಿಯ ಕೊಯ್ಲು ಜೂನ್ ಕೊನೆಯ ಸುಮಾರಿಗೆ. ಬಿತ್ತನೆಯ ಬರ, ಚಳಿ, ವಸಂತದ ಗಾಳಿ ಎಲ್ಲವನ್ನೂ ಗೆದ್ದು ಹೊನ್ನಿನಂತೆ ನಿಂತ ಬೆಳೆಯನ್ನು ಹತ್ತು ನಿಮಿಷದ ಆಲಿಕಲ್ಲಿನ ಮಳೆ ನೆಲಸಮ ಮಾಡಬಹುದು.

ಸರಾಸರಿಯ ಮೋಸ

ಈಗ ಸರಾಸರಿಯ ವಿಷಯಕ್ಕೆ ಬರೋಣ. ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯ ಊರಿನಲ್ಲಿ ಐದು ವರ್ಷಗಳ ಮಳೆ 430, 460, 440, 470, 450 ಮಿಲಿಮೀಟರ್. ಎರಡನೆಯ ಊರಿನಲ್ಲಿ 250, 700, 300, 650, 350 ಮಿಲಿಮೀಟರ್. ಕೂಡಿಸಿ ಐದರಿಂದ ಭಾಗಿಸಿದರೆ ಎರಡು ಊರುಗಳ ಸರಾಸರಿಯೂ 450. ಬೆಳೆ ಕೈಗೆ ಬರಲು 400 ಮಿಲಿಮೀಟರ್ ಮಳೆ ಬೇಕೆಂದು ಇಟ್ಟುಕೊಂಡರೆ ಮೊದಲ ಊರಿಗೆ ಐದು ವರ್ಷವೂ ಬೆಳೆ. ಎರಡನೆಯ ಊರಿಗೆ ಎರಡೇ ವರ್ಷ. ಸರಾಸರಿ ಒಂದೇ, ಬಾಳು ಬೇರೆ! ಮಳೆ ಧಾರಾಳವಾಗಿರುವ ನಾಡಿನಲ್ಲಿ ಏರಿಳಿತ ಅಷ್ಟು ಬಾಧಕವಲ್ಲ. ಸರಾಸರಿಯು ಬೆಳೆಯ ಅಗತ್ಯದ ಅಂಚಿನಲ್ಲೇ ನಿಂತಿರುವ ನಾಡಿನಲ್ಲಿ ಏರಿಳಿತವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಸಿಮರಾನ್ ಕೌಂಟಿ ಈ ಎರಡನೆಯ ಬಗೆಗೆ ಸೇರಿದ್ದು. ಓಕ್ಲಹೋಮ ರಾಜ್ಯದಲ್ಲಿ ಒಂದು ವರ್ಷದಲ್ಲಿ ದಾಖಲಾದ ಅತಿ ಕಡಮೆ ಮಳೆ ಈ ಕೌಂಟಿಯ ರೆಗ್ನಿಯರ್ ಎಂಬಲ್ಲಿಯದು: 1956ರಲ್ಲಿ ಕೇವಲ 6.53 ಅಂಗುಲ, ಎಂದರೆ 166 ಮಿಲಿಮೀಟರ್. ಸರಾಸರಿಯ ಅರ್ಧವೂ ಅಲ್ಲ.

ಈ ಅಪಾಯವನ್ನು ಮೊದಲೇ ಸೂಚಿಸಿದವರು ಇಲ್ಲದಿರಲಿಲ್ಲ. ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿಯು 1878ರ ತನ್ನ ವರದಿಯಲ್ಲಿ, ವರ್ಷಕ್ಕೆ 20 ಅಂಗುಲಕ್ಕಿಂತ ಕಡಮೆ ಮಳೆ ಬೀಳುವೆಡೆ ನೀರಾವರಿಯಿಲ್ಲದೆ ಬೇಸಾಯವನ್ನು ನಂಬಲಾಗದೆಂದು ತಿಳಿಸಿದ್ದನು. ಆ ಎಲ್ಲೆಯು ಸುಮಾರಾಗಿ 100ನೆಯ ಪಶ್ಚಿಮ ರೇಖಾಂಶದ ಬಳಿ ಹಾದುಹೋಗುತ್ತದೆ. ಬಾಯ್ಸ್ ಸಿಟಿಯು ಅದರಿಂದಲೂ 200 ಕಿಲೋಮೀಟರಿಗೂ ಹೆಚ್ಚು ಪಶ್ಚಿಮದಲ್ಲಿದೆ. ಆದರೆ ಅದೇ ಕಾಲದಲ್ಲಿ ಇನ್ನೊಂದು ಮಾತು ಜನಪ್ರಿಯವಾಗಿತ್ತು: ‘ನೇಗಿಲು ಹೋದೆಡೆಗೆ ಮಳೆ ಹಿಂಬಾಲಿಸಿ ಬರುತ್ತದೆ’ ಎಂದು. ನೆಲವನ್ನು ಉತ್ತರೆ ಹವಾಗುಣವೇ ಬದಲಾಗುವುದೆಂಬ ನಂಬಿಕೆ ಅದು. ಅದಕ್ಕೆ ವೈಜ್ಞಾನಿಕ ಆಧಾರವಿರಲಿಲ್ಲ. ಕೆಲವು ಒಳ್ಳೆಯ ಮಳೆಯ ವರ್ಷಗಳು ಅದಕ್ಕೆ ಸಾಕ್ಷಿಯಂತೆ ತೋರಿದುವು, ಅಷ್ಟೆ. ಬಾಯ್ಸ್ ಸಿಟಿಯ ಹುಟ್ಟೂ ಇಂಥ ಆಸೆಯಿಂದಲೇ. ಆ ಹೆಸರಿನ ಮೂಲವಾದ ಫ್ರೆಂಚ್ ಪದಕ್ಕೆ ‘ಮರಗಳುಳ್ಳ’ ಎಂದರ್ಥ. 1908ರಲ್ಲಿ ಮರಗಳ ಸಾಲು, ಹಸನಾದ ಬೀದಿಗಳ ಚಿತ್ರ ತೋರಿಸಿ ನಿವೇಶನಗಳನ್ನು ಮಾರಲಾಯಿತು. ಕೊಂಡವರು ಬಂದು ನೋಡಿದಾಗ ಬರಿಯ ಬಯಲು! ಮಾರಿದವರು ವಂಚನೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿದರು. ಊರು ಮಾತ್ರ ಉಳಿಯಿತು.

ನೆಲವೇ ಎದ್ದು ಹಾರಿದಾಗ

ಈ ಬಯಲಿನ ಸಹಜ ಸಸ್ಯವೆಂದರೆ ಗಿಡ್ಡ ಹುಲ್ಲು. ಮಳೆ ಬಾರದ ವರ್ಷ ಅದು ಮೇಲೆ ಒಣಗಿದರೂ ಒತ್ತಾದ ಬೇರುಗಳ ಬಲೆಯಲ್ಲಿ ಮಣ್ಣನ್ನು ಹಿಡಿದುಕೊಂಡಿರುತ್ತದೆ. ಮಳೆ ಬಂದೊಡನೆ ಮತ್ತೆ ಚಿಗುರುತ್ತದೆ. ಏರಿಳಿತದ ಹವಾಗುಣಕ್ಕೆ ಸಾವಿರಾರು ವರ್ಷಗಳಲ್ಲಿ ಹೊಂದಿಕೊಂಡ ವ್ಯವಸ್ಥೆ ಅದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿತು, ಟ್ರಾಕ್ಟರ್ ಬಂದಿತು, ಮಳೆಯೂ ಕೆಲವು ವರ್ಷ ಅನುಕೂಲವಾಗಿತ್ತು. ಲಕ್ಷಾಂತರ ಎಕರೆ ಹುಲ್ಲುನೆಲವನ್ನು ಉತ್ತು ಗೋಧಿ ಬಿತ್ತಿದರು. 1930ರ ದಶಕದ ಆರಂಭದಲ್ಲಿ ಬರ ಕಾಲಿಟ್ಟಿತು. ಗೋಧಿ ಮೊಳೆಯಲಿಲ್ಲ, ಹುಲ್ಲು ಮೊದಲೇ ಹೋಗಿತ್ತು. ವಸಂತದ ಗಾಳಿಗೆ ಬತ್ತಲೆಯಾದ ಮಣ್ಣು ಸಿಕ್ಕಿತು.

1935ರ ಏಪ್ರಿಲ್ 14, ಭಾನುವಾರ. ಉತ್ತರದಿಂದ ಶೀತಗಾಳಿಯೊಂದು ಬಯಲಿನ ಮೇಲೆ ನುಗ್ಗಿತು. ಚಳಿಗಾಲದಲ್ಲಿ ಹಿಮವನ್ನು ತರುವ ಗಾಳಿಯೇ ಅದು. ಈ ಸಲ ಅದರ ಮುಂದೆ ಸಿಕ್ಕಿದ್ದು ಸಡಿಲವಾದ ಒಣಮಣ್ಣು. ಸಂಜೆ ಸುಮಾರು ಐದೂಕಾಲು ಗಂಟೆಗೆ ಕರಿಯ ಗೋಡೆಯಂತಹ ಧೂಳಿನ ಅಲೆ ಬಾಯ್ಸ್ ಸಿಟಿಯನ್ನು ಮುಚ್ಚಿತು. ಹಗಲು ಕಗ್ಗತ್ತಲೆಯಾಯಿತು. ಆ ದಿನಕ್ಕೆ ‘ಕರಾಳ ಭಾನುವಾರ’ವೆಂಬ ಹೆಸರು ನಿಂತಿತು. ಆ ಬಿರುಗಾಳಿಗೆ ಬಾಯ್ಸ್ ಸಿಟಿಯ ಸಮೀಪದಲ್ಲಿ ಸಿಕ್ಕಿಕೊಂಡವರಲ್ಲಿ ರಾಬರ್ಟ್ ಗೈಗರ್ ಎಂಬ ಪತ್ರಿಕಾ ವರದಿಗಾರನೂ ಒಬ್ಬ. ಮರುದಿನ ಆತನು ಬರೆದ ವರದಿಯಲ್ಲಿ ಬಳಸಿದ ‘ಡಸ್ಟ್ ಬೌಲ್’, ಎಂದರೆ ಧೂಳಿನ ಬೋಗುಣಿ, ಎಂಬ ಮಾತು ಆ ಇಡೀ ಪ್ರದೇಶಕ್ಕೂ ಕಾಲಕ್ಕೂ ಹೆಸರಾಯಿತು. 1936ರ ಏಪ್ರಿಲಿನಲ್ಲಿ ಆರ್ಥರ್ ರಾಥ್‌ಸ್ಟೈನ್ ಇದೇ ಸಿಮರಾನ್ ಕೌಂಟಿಯಲ್ಲಿ ತೆಗೆದ ಛಾಯಾಚಿತ್ರವೊಂದು ಜಗತ್ಪ್ರಸಿದ್ಧವಾಗಿದೆ: ಧೂಳಿನ ಗಾಳಿಗೆ ಎದುರಾಗಿ ತಲೆ ಬಗ್ಗಿಸಿ ನಡೆಯುತ್ತಿರುವ ಒಬ್ಬ ಬೇಸಾಯಗಾರ ಮತ್ತು ಅವನ ಇಬ್ಬರು ಎಳೆಯ ಮಕ್ಕಳು, ಹಿನ್ನೆಲೆಯಲ್ಲಿ ಮರಳಿನಲ್ಲಿ ಅರ್ಧ ಹೂತ ಗುಡಿಸಲು.

ಬರವು ಪ್ರಕೃತಿಯ ಕೆಲಸ, ನಿಜ. ಆದರೆ ಬರವನ್ನು ದುರಂತವಾಗಿಸಿದ್ದು ಹವಾಗುಣವನ್ನು ಕುರಿತ ತಪ್ಪು ಲೆಕ್ಕ. ಒಳ್ಳೆಯ ಕೆಲವು ವರ್ಷಗಳನ್ನೇ ನಾಡಿನ ಸಹಜ ಸ್ಥಿತಿಯೆಂದು ಬಗೆದದ್ದೇ ಆ ತಪ್ಪು.

ಕಲಿತದ್ದು, ಕಲಿಯಬೇಕಾದದ್ದು

ಕರಾಳ ಭಾನುವಾರ ಕಳೆದು ಎರಡು ವಾರಗಳೊಳಗೆ, ಏಪ್ರಿಲ್ 27ರಂದು, ಮಣ್ಣಿನ ಸಂರಕ್ಷಣೆಯ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿತು. ಮಣ್ಣಿನ ಸಂರಕ್ಷಣೆಗಾಗಿ ಹೋರಾಡಿದ ಹ್ಯೂ ಬೆನೆಟ್ ಹೊಸ ಇಲಾಖೆಯ ಮುಖ್ಯಸ್ಥನಾದನು. ಸಮಪಾತಳಿಯ ಗೆರೆಗುಂಟ ಉಳುವುದು, ಪಟ್ಟೆಪಟ್ಟೆಯಾಗಿ ಬೇರೆ ಬೇರೆ ಬೆಳೆ ಹಾಕುವುದು, ಕೊಯ್ಲಿನ ಕೂಳೆಯನ್ನು ಹೊಲದಲ್ಲೇ ಉಳಿಸಿ ಮಣ್ಣಿಗೆ ಹೊದಿಕೆ ಮಾಡುವುದು, ಗೋಧಿಯ ಬದಲು ಕೆಲವೆಡೆ ಬರ ತಾಳುವ ಜೋಳ ಬೆಳೆಯುವುದು ಇವೆಲ್ಲ ರೂಢಿಗೆ ಬಂದವು. ಬೇಸಾಯಕ್ಕೆ ತಕ್ಕುದಲ್ಲದ ನೆಲವನ್ನು ಸರಕಾರವೇ ಕೊಂಡು ಮತ್ತೆ ಹುಲ್ಲು ಬೆಳೆಸಿತು. 1960ರಲ್ಲಿ ರಾಷ್ಟ್ರೀಯ ಹುಲ್ಲುಗಾವಲೆಂದು ಗುರುತಿಸಲಾದ ರೀಟಾ ಬ್ಲಾಂಕದ ಒಂದು ಭಾಗ ಸಿಮರಾನ್ ಕೌಂಟಿಯಲ್ಲಿದೆ.

ವಿಜ್ಞಾನಿಗಳೂ ತಮ್ಮ ದೃಷ್ಟಿಯನ್ನು ತಿದ್ದಿಕೊಂಡರು. ಓಕ್ಲಹೋಮ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಥಾರ್ನ್‌ತ್ವೇಟ್ ಎಂಬ ಹವಾಗುಣತಜ್ಞನು 1941ರ ಲೇಖನವೊಂದರಲ್ಲಿ ಈ ಬಯಲುಗಳ ವಿಷಯವನ್ನು ಚರ್ಚಿಸಿದನು. ಶುಷ್ಕ ಪ್ರದೇಶ, ಆರ್ದ್ರ ಪ್ರದೇಶಗಳ ನಡುವಣ ಎಲ್ಲೆಯು ಭೂಪಟದ ಮೇಲೆ ಸ್ಥಿರವಾಗಿ ನಿಲ್ಲುವಂಥದಲ್ಲ. ವರ್ಷದಿಂದ ವರ್ಷಕ್ಕೆ ಅದು ಬಹುದೂರ ಅತ್ತಿತ್ತ ಚಲಿಸುತ್ತದೆಂಬುದೇ ಅಂಥ ಅಧ್ಯಯನದ ತಿರುಳು. ಬಯಲಿನ ನಿವಾಸಿ ತನ್ನ ಮನೆಯನ್ನು ಬಿಟ್ಟು ಕದಲದಿದ್ದರೂ ಒಂದು ವರ್ಷ ತೇವದ ನಾಡಿನಲ್ಲಿಯೂ ಇನ್ನೊಂದು ವರ್ಷ ಮರುಭೂಮಿಯಲ್ಲಿಯೂ ವಾಸಿಸುತ್ತಾನೆಂದರೆ ಅತಿಶಯೋಕ್ತಿಯಲ್ಲ.

ಎರಡನೆಯ ಮಹಾಯುದ್ಧದ ತರುವಾಯ ನೆಲದಡಿಯ ಓಗಲಾಲಾ ಜಲಸ್ತರದಿಂದ ನೀರೆತ್ತುವುದು ಹೆಚ್ಚಿತು. ಮಳೆಯ ಹಂಗು ತೀರಿತೆಂದು ಅನೇಕರು ಭಾವಿಸಿದರು. ಆದರೆ ಆ ನೀರು ಬಹುಪಾಲು ಪ್ರಾಚೀನ ಕಾಲದ ಸಂಗ್ರಹ. ಇಷ್ಟು ಕಡಮೆ ಮಳೆಯ ನಾಡಿನಲ್ಲಿ ಕೆಳಗಿಳಿಯುವ ನೀರಿಗಿಂತ ಮೇಲೆತ್ತುವ ನೀರೇ ಅಧಿಕ. ಹಲವೆಡೆ ಜಲಮಟ್ಟ ಕುಸಿದಿದೆ. 2011ರಲ್ಲಿ ಮತ್ತೆ ತೀವ್ರವಾದ ಬರ ಬಂದಾಗ ಬಯಲಿನಲ್ಲಿ ಧೂಳು ಮತ್ತೆ ಎದ್ದಿತು. ಜಗತ್ತಿನ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಮಳೆ ಮೊದಲಿನಷ್ಟೇ ಬಿದ್ದರೂ ಅದು ಬೇಗ ಆವಿಯಾಗುವುದೆಂಬುದನ್ನು ಮರೆಯುವಂತಿಲ್ಲ. 1994ರಿಂದ ಓಕ್ಲಹೋಮದ ಎಲ್ಲ ಕೌಂಟಿಗಳಲ್ಲಿಯೂ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಕೆಲಸ ಮಾಡುತ್ತಿದ್ದು, ಐದೈದು ನಿಮಿಷಕ್ಕೊಮ್ಮೆ ಗಾಳಿ, ಮಳೆ, ಉಷ್ಣತೆಗಳನ್ನು ದಾಖಲಿಸುತ್ತವೆ. ಸಿಮರಾನ್ ಕೌಂಟಿಯಲ್ಲಿ ಇಂಥ ಕೇಂದ್ರಗಳು ಬಾಯ್ಸ್ ಸಿಟಿಯಲ್ಲೂ ಕೆಂಟನ್‌ನಲ್ಲೂ ಇವೆ. ಇಂದಿನ ಬೇಸಾಯಗಾರನಿಗೆ ತನ್ನ ಅಜ್ಜನಿಗಿಲ್ಲದ ಕಣ್ಣು ದೊರೆತಿದೆ. ಅದನ್ನು ಬಳಸುವ ವಿವೇಕವೂ ಬೇಕು.

ಇನ್ನು ಮುಂದೆ ಯಾವುದೇ ನಾಡಿನ ಸರಾಸರಿ ಮಳೆಯನ್ನು ಓದುವಾಗ ಅದರೊಡನೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. ಅತಿ ಕಡಮೆ ಬಿದ್ದ ವರ್ಷ ಎಷ್ಟು ಬಿದ್ದಿತು? ಬಿದ್ದ ಮಳೆಯಲ್ಲಿ ಆವಿಯಾಗಿ ಹೋಗುವುದು ಎಷ್ಟು? ಬೆಳೆಗೆ ಬೇಕಾದ ತಿಂಗಳಲ್ಲೇ ಅದು ಬೀಳುವುದೇ? ಈ ಮೂರಕ್ಕೆ ಉತ್ತರ ದೊರೆತ ಮೇಲೆ ಮಾತ್ರ ಆ ನಾಡಿನ ಹವಾಗುಣ ನಮಗೆ ತಿಳಿದಂತಾಯಿತು. ಬಿತ್ತುವವನು ಎದುರಿಸಬೇಕಾದದ್ದು ಮೂವತ್ತು ವರ್ಷಗಳ ಸರಾಸರಿಯನ್ನಲ್ಲ, ಈ ವರ್ಷದ ಮಳೆಯನ್ನು.